ಎಕ್ಸ್.25 ಸಂರಚನೆ: ಎರಡೂ ತುದಿಗಳು ಒಪ್ಪಲೇಬೇಕಾದ ಸಂಗತಿಗಳು

1976ರಲ್ಲಿ ದೂರಸಂಪರ್ಕದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಸಿಸಿಐಟಿಟಿ ರೂಪಿಸಿದ, ದತ್ತಾಂಶವನ್ನು ಪ್ಯಾಕೆಟ್ಟುಗಳಾಗಿ ಸಾಗಿಸುವ ಎಕ್ಸ್.25 ಪ್ರೋಟೋಕಾಲ್ ಇಂದು ಹಳೆಯದೆನಿಸಿಕೊಂಡಿದೆ. ಫ್ರಾನ್ಸಿನ ಮಿನಿಟೆಲ್ ಎಂಬ ದೂರವಾಣಿ ಆಧಾರಿತ ಮಾಹಿತಿ ಸೇವೆ 2012ರ ಜೂನ್ 30ರಂದು ನಿಲ್ಲುವವರೆಗೂ ಇದರ ಆಸರೆಯಲ್ಲಿ ಬದುಕಿತ್ತು. ನಮ್ಮ ದೂರಸಂಪರ್ಕ ಇಲಾಖೆಯ ಐ-ನೆಟ್ ಜಾಲವೂ ಇದನ್ನೇ ಬಳಸಿತ್ತು. ಹಳೆಯ ಉಪಕರಣಗಳನ್ನು ಉಳಿಸಿಕೊಂಡಿರುವ ಕಡೆ ಸಿಸ್ಕೋ ರೂಟರನ್ನೇ ಎಕ್ಸ್.25 ಸ್ವಿಚ್ಚಾಗಿ ನಿಲ್ಲಿಸಬೇಕಾಗುವುದುಂಟು. ಆ ಕೆಲಸಕ್ಕೆ ಕೈಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

'ಎಕ್ಸ್25 ರೂಟಿಂಗ್' ಎಂಬ ಆದೇಶ ಕೊಡದಿದ್ದರೆ ರೂಟರ್ ಒಂದು ಪೋರ್ಟಿನ ಕರೆಯನ್ನು ಇನ್ನೊಂದಕ್ಕೆ ದಾಟಿಸುವುದಿಲ್ಲ. ನಂತರ ಸೀರಿಯಲ್ ಪೋರ್ಟಿನಲ್ಲಿ ಎನ್‌ಕ್ಯಾಪ್ಸುಲೇಷನ್ (ದತ್ತಾಂಶವನ್ನು ಯಾವ ಚೌಕಟ್ಟಿನಲ್ಲಿ ಕಳಿಸಬೇಕೆಂಬುದು) ನಿಗದಿಪಡಿಸುವಾಗ ಒಂದು ತುದಿ ಡಿಟಿಇ (ಬಳಕೆದಾರನ ಬದಿ), ಇನ್ನೊಂದು ಡಿಸಿಇ (ಜಾಲದ ಬದಿ) ಆಗಿರಬೇಕು. ಏನನ್ನೂ ಹೇಳದಿದ್ದರೆ ಸಿಸ್ಕೋ ತನ್ನನ್ನು ಡಿಟಿಇ ಎಂದೇ ಭಾವಿಸುತ್ತದೆ. ಕೇಬಲ್ಲಿನ ಡಿಸಿಇ ಬದಿಗೂ ಇದಕ್ಕೂ ಸಂಬಂಧವಿಲ್ಲ: ಕೇಬಲ್ಲಿನದು ಗಡಿಯಾರದ ಸಂಕೇತ ಯಾರು ಕೊಡಬೇಕೆಂಬ ಪ್ರಶ್ನೆ, ಇದು ಎಲ್‌ಎಪಿಬಿ (ಎರಡು ತುದಿಗಳ ನಡುವಿನ ಲಿಂಕನ್ನು ನಡೆಸುವ ಪದರ) ವಿಳಾಸಗಳ ಪ್ರಶ್ನೆ. ಎರಡೂ ತುದಿಗಳು ಡಿಟಿಇ ಆಗಿಬಿಟ್ಟರೆ ಎಲ್‌ಎಪಿಬಿ ಸ್ಥಿತಿ 'ಕನೆಕ್ಟ್' ಎಂದಾಗದೆ 'ಎಸ್‌ಎಬಿಎಂಸೆಂಟ್'ನಲ್ಲೇ (ಸಂಪರ್ಕ ಕೋರಿ ಉತ್ತರಕ್ಕಾಗಿ ಕಾಯುವ ಸ್ಥಿತಿ) ಉಳಿಯುತ್ತದೆ. ಅದು ಸರಿಹೋಗುವ ತನಕ ಮೇಲಿನ ಪ್ಯಾಕೆಟ್ ಪದರವನ್ನು ಮುಟ್ಟುವುದು ವ್ಯರ್ಥ.

ನನ್ನ ಮಟ್ಟಿಗೆ ಅತಿ ಹೆಚ್ಚು ದಾರಿ ತಪ್ಪಿಸುವುದು ಲಾಜಿಕಲ್ ಚಾನೆಲ್ಲುಗಳ (ಒಂದೇ ಲಿಂಕಿನಲ್ಲಿ ಕರೆಗಳನ್ನು ಬೇರ್ಪಡಿಸುವ ಸಂಖ್ಯೆಗಳ) ವ್ಯಾಪ್ತಿ. ಸಿಸ್ಕೋದಲ್ಲಿ ಇದು ಮೊದಲಿನಿಂದಲೇ 1ರಿಂದ 1024. ಎದುರು ಬದಿಯವರು 16 ಚಾನೆಲ್ಲುಗಳನ್ನಷ್ಟೇ ಕೊಟ್ಟಿದ್ದರೆ 'ಎಕ್ಸ್25 ಎಚ್‌ಟಿಸಿ 16' ಎಂದು ಬರೆಯಲೇಬೇಕು. ಡಿಟಿಇ ತನ್ನ ಕರೆಗಳನ್ನು ಮೇಲಿನ ಸಂಖ್ಯೆಯಿಂದ ಕೆಳಕ್ಕೂ, ಡಿಸಿಇ ಕೆಳಗಿನಿಂದ ಮೇಲಕ್ಕೂ ಆರಿಸುವುದರಿಂದ, ಹೀಗೆ ಬರೆಯದಿದ್ದಾಗ ಒಳಬರುವ ಕರೆಗಳು ಸರಾಗವಾಗಿ ಬರುತ್ತವೆ, ಹೊರಹೋಗುವ ಮೊದಲ ಕರೆ ಮಾತ್ರ 1024ನೇ ಚಾನೆಲ್ಲಿನಲ್ಲಿ ಹೊರಟು ವಿಫಲವಾಗುತ್ತದೆ. ಲಿಂಕ್ ಮೇಲಿದೆ, ಪ್ಯಾಕೆಟ್ ಪದರವೂ ಆರ್1 (ಸಿದ್ಧ) ಸ್ಥಿತಿಯಲ್ಲಿದೆ. ಹೀಗಾಗಿ ಅನುಮಾನವೆಲ್ಲ ವಿಳಾಸದ ಮೇಲೆ ಬೀಳುತ್ತದೆ. ಡಯಾಗ್ನೋಸ್ಟಿಕ್ ಕೋಡ್ 36 ಕಂಡರೆ, ನಿಗದಿಯಾಗದ ಚಾನೆಲ್ಲಿನಲ್ಲಿ ಪ್ಯಾಕೆಟ್ ಹೋಗಿದೆ ಎಂದೇ ಅರ್ಥ. ವ್ಯಾಪ್ತಿಯನ್ನು ಬದಲಿಸಿದರೂ ಪ್ಯಾಕೆಟ್ ಪದರ ಮತ್ತೆ ಆರಂಭಗೊಳ್ಳುವವರೆಗೆ ಅದು ಜಾರಿಗೆ ಬರುವುದಿಲ್ಲ ಎಂಬುದು ನೆನಪಿರಲಿ.

ಪ್ಯಾಕೆಟ್ಟಿನ ಗಾತ್ರ 128 ಬೈಟ್, ವಿಂಡೋ (ಸ್ವೀಕೃತಿಗೆ ಮೊದಲು ಕಳಿಸಬಹುದಾದ ಪ್ಯಾಕೆಟ್ಟುಗಳ ಸಂಖ್ಯೆ) 2 ಎಂಬ ರೂಢಿಯ ಮೌಲ್ಯಗಳು ನೆಲದ ತಂತಿಗೆ ಸಾಕು. ಭೂಸ್ಥಿರ ಉಪಗ್ರಹದ ಲಿಂಕಿನಲ್ಲಿ ಹೋಗಿಬರಲು ಸುಮಾರು ಅರ್ಧ ಸೆಕೆಂಡ್ ಬೇಕಾಗುವುದರಿಂದ, ಒಂದು ಸರ್ಕಿಟ್ (ಒಂದು ಕರೆಯ ಸಂಪರ್ಕ) ಅಷ್ಟು ಹೊತ್ತಿಗೆ 256 ಬೈಟ್ ಕಳಿಸಿ ಸ್ವೀಕೃತಿಗಾಗಿ ಕಾಯುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ಸಾಮರ್ಥ್ಯವಿದ್ದರೂ ಸಿಗುವುದು 4 ಕಿಲೋಬಿಟ್ ಆಸುಪಾಸು. ವಿಂಡೋವನ್ನು 7ಕ್ಕೆ ಏರಿಸಿದರೆ ಎದ್ದುಕಾಣುವಷ್ಟು ಸುಧಾರಿಸುತ್ತದೆ. ಅದಕ್ಕೂ ಮೀರಬೇಕಾದರೆ ಎರಡೂ ಕಡೆ ಮಾಡ್ಯುಲೋ 128 (ಪ್ಯಾಕೆಟ್ಟುಗಳಿಗೆ 0ರಿಂದ 127ರವರೆಗಿನ ಕ್ರಮಸಂಖ್ಯೆ) ಬೇಕು.

ಎರಡು ಊರುಗಳ ನಡುವೆ ಐಪಿ ಜಾಲವಷ್ಟೇ ಉಳಿದಿದ್ದರೆ ಎಕ್ಸ್‌ಒಟಿ (ಟಿಸಿಪಿಯ ಮೇಲೆ ಎಕ್ಸ್.25) ಇದೆ. 1994ರ ಆರ್‌ಎಫ್‌ಸಿ 1613 ವಿವರಿಸುವ ಈ ವಿಧಾನದಲ್ಲಿ ಪ್ರತಿ ಸರ್ಕಿಟ್ಟಿಗೂ ಒಂದು ಟಿಸಿಪಿ ಸಂಪರ್ಕ, 1998ನೇ ಪೋರ್ಟಿನಲ್ಲಿ. 222ರಿಂದ ಆರಂಭವಾಗುವ ವಿಳಾಸಗಳನ್ನು 10.1.1.2ಕ್ಕೆ ಕಳಿಸಲು 'ಎಕ್ಸ್25 ರೂಟ್ ^222 ಎಕ್ಸ್‌ಒಟಿ 10.1.1.2' ಎಂಬ ಒಂದೇ ಸಾಲು ಸಾಕು. ನಡುವೆ ಫೈರ್‌ವಾಲ್ ಇದ್ದು, ಅದು ಸುಮ್ಮನಿರುವ ಟಿಸಿಪಿ ಸಂಪರ್ಕಗಳನ್ನು ಕಡಿಯುವುದಾದರೆ, ಕೀಪ್‌ಅಲೈವ್ (ಸಂಪರ್ಕ ಜೀವಂತವಿದೆಯೆಂದು ತಿಳಿಸುವ ಸಂದೇಶ) ಅವಧಿಯನ್ನು ಅದರ ಗಡುವಿಗಿಂತ ಕಡಿಮೆ ಇಡಿ.