ಆಚಾರ್ರ ಚಾಕು ನಮ್ಮ ಅಡುಗೆಮನೆಗೆ ಬಂದಾಗ

ಕಾಗದವನ್ನು ಸರ್ರನೆ ಕತ್ತರಿಸಿತು ಅಂದ ಮಾತ್ರಕ್ಕೆ ಚಾಕು ಒಳ್ಳೆಯದು ಅಂತ ಹೇಳಲು ಆಗುವುದಿಲ್ಲ. ಕಾಗದಕ್ಕೆ ದಪ್ಪ ಎಲ್ಲಿದೆ? ಬಾಯಿ, ಅಂದರೆ ಕತ್ತರಿಸುವ ಅಂಚು, ಹರಿತ ಇದ್ದರೆ ಸಾಕು, ಎರಡು ತುಂಡಾಗುತ್ತದೆ. ಬಾಯಿಯ ಹಿಂದೆ ಅಲಗು ಎಷ್ಟು ದಪ್ಪ ಇದೆ ಅಂತ ಗೊತ್ತಾಗಬೇಕಾದರೆ ಕ್ಯಾರೆಟ್ ಬೇಕು, ಸಿಹಿಗುಂಬಳ ಬೇಕು, ನಮ್ಮ ಕಡೆಯ ಬಾಳೆದಿಂಡು ಬೇಕು. ಈ ಮಳೆಗಾಲದಲ್ಲಿ ಒಂದು ಚಾಕುವನ್ನು ಇವೆಲ್ಲದರ ಮೇಲೂ ಓಡಿಸಿ, ಕಂಡಿದ್ದನ್ನು ಅದನ್ನು ಮಾಡಿದವರ ಮುಂದೆಯೇ ಕೂತು ಹೇಳಿ ಬಂದೆ.

ನಮ್ಮ ಮನೆ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಮನೆ ಪಕ್ಕದಲ್ಲೇ ಸಣ್ಣದೊಂದು ಹೋಂಸ್ಟೇ. ಶನಿವಾರ, ಭಾನುವಾರ ಬಂತೆಂದರೆ ರಾಶಿ ತರಕಾರಿ ಹೆಚ್ಚಬೇಕು. ತೋಟದ ಕತ್ತಿ, ಕುಡುಗೋಲು, ಗುದ್ದಲಿ ಎಲ್ಲವನ್ನೂ ಮಾವನವರ ಕಾಲದಿಂದ ಬಾಳ್ಳುಪೇಟೆ ಕಡೆಯ ಒಂದೇ ಕುಲುಮೆಯಲ್ಲಿ ಮಾಡಿಸುತ್ತೇವೆ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮುಗಿದ ಮೇಲೆ ಮೊಂಡಾದ ಕತ್ತಿಗಳನ್ನು ತಟ್ಟಿಸಿಕೊಂಡು ಬರೋಣ ಅಂತ ಹೋಗಿದ್ದಾಗ ಕುಲುಮೆಯ ಕಮ್ಮಾರ ಆಚಾರ್ರ ಮಗ ಪೇಪರಿನಲ್ಲಿ ಸುತ್ತಿದ್ದ ಚಾಕು ತಂದು ಕೈಗೆ ಕೊಟ್ಟ.

"ಅಕ್ಕಾ, ಅಡುಗೆಮನೆಗೆ ಅಂತ ಮಾಡಿದ್ದು. ನೀವು ಜಾಸ್ತಿ ಹೆಚ್ತೀರಲ್ಲ, ಬಳಸಿ ನೋಡಿ. ಕಾಸು ಆಮೇಲೆ. ಆದ್ರೆ ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡಿ. ಎಲ್ರೂ ಅದನ್ನೇ ಹೇಳ್ತಾರೆ, ಆಮೇಲೆ ಯಾರೂ ತಗೊಳಲ್ಲ."

ಈ ಹುಡುಗ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿ ವಾಪಸ್ ಬಂದವನು. ಈಗ ಕತ್ತಿ, ಕುಡುಗೋಲು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೇ ರೆಡಿ ಸಿಗುತ್ತವೆ, ಕುಲುಮೆಗೆ ಬರುವವರು ಕಡಿಮೆ. ಅಡುಗೆ ಚಾಕು ಮಾಡಿ ಮಾರಿದರೆ ಕೆಲಸ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಆಚಾರ್ರಿಗೆ ಅಷ್ಟು ನಂಬಿಕೆ ಇರಲಿಲ್ಲ. "ಮನೇಲಿ ಈಳಿಗೆ ಮಣೆ ಇರೋವಾಗ ಇದು ಯಾರಿಗೆ ಬೇಕಮ್ಮ" ಅಂದರು. ಆದರೆ ಅಲಗು ಬಡಿದಿದ್ದು ಅವರೇ. ಮಗನದ್ದು ಗ್ರೈಂಡರ್ ಕೆಲಸ, ಹಿಡಿ ಕೂರಿಸುವ ಕೆಲಸ.

ಉಕ್ಕು ಲಾರಿಯ ಸ್ಪ್ರಿಂಗ್ ಪ್ಲೇಟಿನದು. ನಮ್ಮ ಕಡೆ ಒಳ್ಳೆಯ ಕತ್ತಿಗಳೆಲ್ಲ ಅದರಲ್ಲೇ ಆಗುವುದು. ಅದರಲ್ಲಿ ಇಂಗಾಲ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ, ಕಾಯಿಸಿ ಅದ್ದಿದರೆ ಗಟ್ಟಿಯಾಗಲು ಅಷ್ಟು ಸಾಕು. ಅಲಗು ಏಳು ಇಂಚು ಉದ್ದ, ಬೆನ್ನು ನಾಲ್ಕು ಮಿಲಿಮೀಟರ್ ದಪ್ಪ, ಹಿಡಿ ದುಂಡಗೆ. ಕೈಗೆ ತೆಗೆದುಕೊಂಡ ಕೂಡಲೇ ಭಾರ ಅನಿಸಿತು, ಆದರೆ ಅಲ್ಲಿ ಬಾಯಿ ಬಿಡಲಿಲ್ಲ. ಮೊದಲ ನೋಟಕ್ಕೆ ತೀರ್ಪು ಕೊಡುವುದು ಮಾಡಿದವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಮನೆಗೆ ಬಂದು ಮೊದಲು ದೀಪದ ಕೆಳಗೆ ಹಿಡಿದೆ. ಬಾಯಿಯನ್ನು ಮೇಲೆ ಮಾಡಿ ನೇರವಾಗಿ ನೋಡಬೇಕು. ಹರಿತ ಇರುವ ಕಡೆ ಬೆಳಕು ಎಲ್ಲೂ ನಿಲ್ಲುವುದಿಲ್ಲ, ಮೊಂಡು ಇರುವ ಕಡೆ ಸಣ್ಣ ಬಿಳಿ ಗೆರೆ ಹೊಳೆಯುತ್ತದೆ. ಇದರಲ್ಲಿ ತುದಿಯ ಹತ್ತಿರ ಒಂದು ಕಡೆ ಮಾತ್ರ ಹೊಳೆಯಿತು. ಉಳಿದದ್ದು ಚೊಕ್ಕ. ಕಾಗದ ಕತ್ತರಿಸಿದೆ, ಟೊಮೆಟೊ ಸಿಪ್ಪೆ ಮೇಲೆ ಇಟ್ಟು ಸುಮ್ನೆ ಎಳೆದೆ, ಒತ್ತದೆಯೇ ಒಳಗೆ ಹೋಯಿತು. ನಮ್ಮ ಮನೆಯವರು "ಆಯ್ತಲ್ಲ, ಪಾಸ್" ಅಂದರು.

ಆಮೇಲೆ ಬಂತು ಕ್ಯಾರೆಟ್. ಬಾಯಿ ಒಳಗೆ ಇಳಿಯಿತು, ಅರ್ಧಕ್ಕೆ ಹೋಗುವಷ್ಟರಲ್ಲಿ ಟಕ್ ಅಂತ ಸದ್ದು ಬಂದು ಉಳಿದರ್ಧ ತಾನಾಗೇ ಸೀಳಿಕೊಂಡಿತು. ಸೌದೆಗೆ ಬೆಣೆ ಹೊಡೆದಾಗ ಆಗುತ್ತದಲ್ಲ, ಹಾಗೆ. ಹೋಳಿನ ಮೇಲ್ಭಾಗ ನುಣುಪು, ಕೆಳಗೆ ಒರಟು. ಸಿಹಿಗುಂಬಳದಲ್ಲಿ ಇನ್ನೂ ಕಷ್ಟ, ಅಲಗು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಎರಡೂ ಕೈ ಹಾಕಿ ಒತ್ತಬೇಕಾಯಿತು. ಕಟ್ಟಿಗೆ ಕಡಿಯಲು ಈ ದಪ್ಪ ಬೇಕು. ತರಕಾರಿಗೆ ಬಾಯಿಯ ಹಿಂದಿನ ಆ ಒಂದು ಬೆರಳಗಲ ಜಾಗ ತೆಳ್ಳಗಿರಬೇಕು. ಹರಿತ ಎಷ್ಟೇ ಮಾಡಿ, ಆ ಜಾಗ ದಪ್ಪ ಇದ್ದರೆ ಚಾಕು ಕತ್ತರಿಸುವುದಿಲ್ಲ, ಸೀಳುತ್ತದೆ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದದ್ದು ನಾದಿನಿಯಿಂದ. ನಾನು ಹೆಚ್ಚಿದ ಗುಂಬಳದ ಹೋಳುಗಳು ಮೇಲೆ ತೆಳ್ಳಗೆ, ಕೆಳಗೆ ದಪ್ಪ ಬರುತ್ತಿದ್ದವು. ಅವಳದ್ದು ಎಡಗೈ. ಅವಳು ಹೆಚ್ಚಿದಾಗ ಸರಿ ಉಲ್ಟಾ, ಮೇಲೆ ದಪ್ಪ, ಕೆಳಗೆ ತೆಳ್ಳಗೆ. ಇಬ್ಬರೂ ಹೋಳುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ನನಗೆ ಹೋಳು ಬೀಳುವುದು ಬಲಕ್ಕೆ, ಅವಳಿಗೆ ಎಡಕ್ಕೆ. ಅಂದರೆ ಯಾರ ಕೈಯಲ್ಲಿದ್ದರೂ ಚಾಕು ಎಡಗಡೆಗೇ ಎಳೆಯುತ್ತಿದೆ. ಅಲಗಿನ ಬಲಮಗ್ಗುಲನ್ನು ಜಾಸ್ತಿ ಉಜ್ಜಿ, ಎಡಮಗ್ಗುಲನ್ನು ಕಡಿಮೆ ಉಜ್ಜಿದ್ದರೆ ಹೀಗಾಗುತ್ತದೆ. ಒಬ್ಬಳೇ ಬಳಸಿದ್ದರೆ ನನ್ನ ಕೈ ಓರೆ ಇರಬೇಕು ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಅದಕ್ಕೇ ಹೇಳುವುದು, ಚಾಕು ಪರೀಕ್ಷೆ ಮಾಡುವಾಗ ಮನೆಯಲ್ಲಿ ಇನ್ನೊಬ್ಬರ ಕೈಗೂ ಕೊಡಿ, ಎಡಗೈಯವರು ಇದ್ದರೆ ಬಿಡಲೇಬೇಡಿ.

ಅತ್ತೆಯವರು ಈಳಿಗೆ ಮಣೆ ಬಿಟ್ಟು ಏಳುವವರಲ್ಲ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ, ಎರಡೂ ಕೈ ತರಕಾರಿ ಮೇಲಿರುತ್ತವೆ. ಅವರಿಗೆ ಚಾಕು ಹಿಡಿಯುವುದೇ ಕಿರಿಕಿರಿ. ಆದರೂ ನನಗೋಸ್ಕರ ಒಂದು ಸೀಮೆಬದನೆ ಹೆಚ್ಚಿ, "ಇದರ ಬೆನ್ನು ಬೆರಳನ್ನ ಕೊಯ್ಯುತ್ತಲ್ಲೇ" ಅಂದರು. ನಿಜ. ಬೆನ್ನಿನ ಎರಡು ಅಂಚನ್ನೂ ಚೌಕವಾಗಿ ಹಾಗೇ ಬಿಟ್ಟಿದ್ದರು. ತೋರುಬೆರಳನ್ನು ಅಲ್ಲಿಟ್ಟು ಒತ್ತುವವರಿಗೆ ಒಂದು ಕುಕ್ಕೆ ತರಕಾರಿ ಮುಗಿಯುವಷ್ಟರಲ್ಲಿ ಬೆರಳು ಕೆಂಪಾಗುತ್ತದೆ. ದುಂಡನೆಯ ಹಿಡಿಯೂ ಅಷ್ಟೆ, ಒದ್ದೆ ಕೈಯಲ್ಲಿ ತಿರುಗಿಕೊಳ್ಳುತ್ತದೆ, ಬಾಯಿ ಯಾವ ಕಡೆ ಇದೆ ಅಂತ ನೋಡಿಕೊಳ್ಳಬೇಕಾಗುತ್ತದೆ. ಸೀಮೆಬದನೆಯ ಅಂಟು ಬೇರೆ. ಹಿಡಿ ಅಂಡಾಕಾರ ಇದ್ದರೆ ನೋಡದೆಯೇ ಕೈಗೆ ಗೊತ್ತಾಗುತ್ತದೆ.

ಮಳೆ ಜೋರು ಹಿಡಿದ ವಾರ ಬಾಳೆದಿಂಡು, ಕಳಲೆ ಎರಡೂ ಬಂದವು. ಕಳಲೆಯನ್ನು ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿಡಬೇಕಲ್ವಾ, ಎಷ್ಟು ತೆಳ್ಳಗೆ ಇದ್ದರೆ ಅಷ್ಟು ಒಳ್ಳೆಯದು. ಶುರುವಿನಲ್ಲಿ ಚಾಕು ಚೆನ್ನಾಗಿ ಓಡಿತು. ದಿಂಡಿನ ನಾರನ್ನೂ ಎಳೆದಾಡದೆ ಕತ್ತರಿಸಿತು. ಸಂಜೆ ಹೊತ್ತಿಗೆ ಅದೇ ಚಾಕು ಟೊಮೆಟೊ ಮೇಲೆ ಜಾರಿತು. ಬಾಯಿ ಮುಕ್ಕಾಗಿದೆಯಾ ಅಂತ ನೋಡಿದೆ, ಇಲ್ಲ. ಉಗುರನ್ನು ಅಲಗಿನ ಮೇಲಿಂದ ಬಾಯಿಯ ಕಡೆಗೆ ಜಾರಿಸಿದೆ. ಒಂದು ಮಗ್ಗುಲಲ್ಲಿ ನುಣ್ಣಗೆ ಜಾರಿತು, ಇನ್ನೊಂದರಲ್ಲಿ ಉಗುರು ತಡೆಯಿತು. ಬಾಯಿ ಮಡಚಿಕೊಂಡಿತ್ತು. ಪಿಂಗಾಣಿ ಕಪ್ಪಿನ ತಳಕ್ಕೆ ನಾಲ್ಕು ಸಲ ಎಳೆದರೆ ಮತ್ತೆ ಹರಿತ, ಮತ್ತೆ ಸ್ವಲ್ಪ ಹೊತ್ತಿಗೆ ಮಡಚು. ಇದನ್ನು ಹಾಗೇ ಬರೆದುಕೊಂಡೆ. ಮುಕ್ಕಾಗುವುದು ಬೇರೆ, ಮಡಚುವುದು ಬೇರೆ. ಬರೀ ಬೇಗ ಮೊಂಡಾಗುತ್ತೆ ಅಂದಿದ್ದರೆ ಆಚಾರ್ರಿಗೆ ಏನೂ ತಿಳಿಯುತ್ತಿರಲಿಲ್ಲ.

ತುಕ್ಕಿನ ಮಾತು ಹೇಳಲೇಬೇಕು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರಬೇಕು. ಸ್ಪ್ರಿಂಗ್ ಪ್ಲೇಟಿನಲ್ಲಿ ಅಷ್ಟು ಇರುವುದಿಲ್ಲ. ಮೊದಮೊದಲು ಈರುಳ್ಳಿ ಹೆಚ್ಚಿದರೆ ಹೋಳಿನ ಅಂಚು ಕಪ್ಪಾಗುತ್ತಿತ್ತು, ಮಾವಿನಕಾಯಿಗೆ ಕಬ್ಬಿಣದ ವಾಸನೆ ಬಂತು. ಕ್ರಮೇಣ ಅಲಗಿನ ಮೇಲೆ ಬೂದು, ನೀಲಿ ಪೊರೆ ಕಟ್ಟಿಕೊಂಡಿತು, ಆಮೇಲೆ ಕಪ್ಪಾಗುವುದು ನಿಂತಿತು. ಈ ಪೊರೆಯನ್ನು ಉಜ್ಜಿ ತೆಗೆಯಬಾರದು, ಅದು ಅಲಗನ್ನು ಕಾಯುತ್ತದೆ. ಕೆಂಪು ತುಕ್ಕು ಬಂದರೆ ಮಾತ್ರ ತಕ್ಷಣ ತೆಗೆಯಬೇಕು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲೇ ನೀರಾಡುತ್ತದೆ, ಚಾಕುವನ್ನು ಒದ್ದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಚುಕ್ಕೆ ಬರುತ್ತದೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಟ್ಟರೆ ಏನೂ ತೊಂದರೆ ಇಲ್ಲ. ಬೆಂಗಳೂರಿನಿಂದ ಬಂದು ಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಚಾಕು ಜೊತೆಗೇ ಕೊಡಬೇಕು ಅಂತ ನನ್ನ ಪಟ್ಟಿಯಲ್ಲಿ ಸೇರಿಸಿದೆ.

ಪಟ್ಟಿ ತೆಗೆದುಕೊಂಡು ಕುಲುಮೆಗೆ ಹೋದ ದಿನ ಜೊತೆಯಲ್ಲಿ ಒಂದು ಡಬ್ಬಿಯಲ್ಲಿ ಕ್ಯಾರೆಟ್, ಒಂದು ಗುಂಬಳದ ತುಂಡು, ಕತ್ತರಿಸುವ ಮಣೆ ಎಲ್ಲ ಇಟ್ಟುಕೊಂಡಿದ್ದೆ. ಬಾಯಿಮಾತಲ್ಲಿ ಹೇಳಿದರೆ ದೂರು ಅನಿಸುತ್ತದೆ, ಎದುರಿಗೇ ಹೆಚ್ಚಿ ತೋರಿಸಿದರೆ ಕೆಲಸದ ಮಾತು ಆಗುತ್ತದೆ. ಅರವತ್ತು ದಾಟಿದ ಮನುಷ್ಯ, ಜೀವನವೆಲ್ಲ ಕಬ್ಬಿಣ ಬಡಿದವರು. ಅವರ ಕೆಲಸದಲ್ಲಿ ಹೀಗಾಗಿದೆ ಅಂತ ಹೇಳುವಾಗ ನನ್ನ ಎದೆಯೂ ಡವಡವ ಅನ್ನುತ್ತಿತ್ತು. ಮೊದಲು ಏನು ಚೆನ್ನಾಗಿದೆ ಅಂತ ಹೇಳಿದೆ, ಅದೂ ನಿಜವಾದದ್ದೇ. ಅಲಗು ನೇರ ಇದೆ, ಎಲ್ಲೂ ಸೊಟ್ಟ ಇಲ್ಲ, ಮುಕ್ಕಾಗಿಲ್ಲ. ಆಮೇಲೆ ಮಾತಾಡದೆ ಕ್ಯಾರೆಟ್ ಇಟ್ಟು ಹೆಚ್ಚಿದೆ. ಟಕ್ ಅಂದಿತು. ಆಚಾರ್ರು ಹೋಳು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದರು.

"ದಪ್ಪ ಬಿಟ್ಟಿದ್ದು ಬೇಕಂತಲೇ ಅಮ್ಮ. ತೆಳ್ಳಗೆ ಮಾಡಿದ್ರೆ ಬಾಯಿ ನಿಲ್ಲಲ್ಲ."

"ಆಚಾರ್ರೆ, ದಪ್ಪ ಇದ್ರೂ ನಿಲ್ತಿಲ್ಲ. ಮಡಚ್ತಾ ಇದೆ, ಮುಕ್ಕಾಗ್ತಿಲ್ಲ" ಅಂದೆ.

ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. "ಮಡಚ್ತಾ ಇದೆಯಾ?" ಅಂತ ಇನ್ನೊಮ್ಮೆ ಕೇಳಿ, ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಬಾಯಿಯ ಹತ್ತಿರ ಮೆಲ್ಲಗೆ ಉಜ್ಜಿದರು. ಸರಿಯಾಗಿ ಗಟ್ಟಿಯಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ. ಇದು ಕಚ್ಚಿತು. "ಕತ್ತಿ ಹದ ಹಾಕ್ಬಿಟ್ಟಿದೀನಿ" ಅಂದರು. ಆಮೇಲೆ ಅವರು ವಿವರಿಸಿದ್ದು ನನಗೆ ಈ ಇಡೀ ವ್ಯವಹಾರದಲ್ಲಿ ತುಂಬ ಇಷ್ಟವಾದ ಭಾಗ. ಕಾಯಿಸಿ ಎಣ್ಣೆಗೆ ಅದ್ದಿದ ಉಕ್ಕು ಗಾಜಿನ ಹಾಗೆ ಪೆಡಸು, ಬಿದ್ದರೆ ಮುರಿಯಬಹುದು. ಅದನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ ಆ ಪೆಡಸನ್ನು ಸ್ವಲ್ಪ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿಗೆ, ನೀಲಿ ಸುಮಾರು 300ಕ್ಕೆ. ಮರ ಕಡಿಯುವ ಕತ್ತಿಗೆ ನೇರಳೆ, ನೀಲಿ ತನಕ ಬಿಡುತ್ತಾರೆ, ಏಟು ತಡೆಯಬೇಕಲ್ಲ. ತರಕಾರಿ ಚಾಕುವನ್ನು ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬೇಕು. ಆಗ ಬಾಯಿ ಗಟ್ಟಿ ಇರುತ್ತದೆ, ಗಟ್ಟಿ ಇದ್ದರೆ ತೆಳ್ಳಗೆ ಉಜ್ಜಬಹುದು. ಕೋಳಿ ಮೂಳೆಗೆ ಮಾತ್ರ ಹಾಕಬಾರದು, ಹಾಕಿದರೆ ಮುಕ್ಕಾಗುತ್ತದೆ. "ಮೂಳೆಗೆ ಕತ್ತಿ ಇದೆ" ಅಂದರು ಆಚಾರ್ರು, ಅಷ್ಟೇ.

ಮಗನಿಗೆ ಗುಂಬಳದ ಹೋಳು ತೋರಿಸಿದೆ. ಅವನು ತಕ್ಷಣ ಅಲಗನ್ನು ಮುಂದಿನಿಂದ ನೋಡಿ, ಬಲಗಡೆ ಜಾಸ್ತಿ ಹೋಗಿದೆ ಅಂತ ಒಪ್ಪಿಕೊಂಡ. ಅವನೂ ಈ ಚಾಕುವನ್ನು ಪರೀಕ್ಷೆ ಮಾಡಿಯೇ ಕೊಟ್ಟಿದ್ದ. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ 1976ರಲ್ಲಿ ಶುರುವಾದ ಒಂದು ಸಂಘ ಇದೆ. ಅಲ್ಲಿಯ ಮೊದಲ ಪರೀಕ್ಷೆಯಲ್ಲಿ ನೇತುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ರೀಪನ್ನು ಪೂರ್ತಿ ತುಂಡಾಗುವ ತನಕ ಎರಡು ಕಡೆ ಕಡಿಯಬೇಕು, ಅದಾದ ಮೇಲೂ ಅಲಗು ಕೈಮೇಲಿನ ಕೂದಲು ಬೋಳಿಸಬೇಕು, ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಹುಡುಗ ಅದನ್ನು ನೋಡಿ ಹಗ್ಗ ಕತ್ತರಿಸಿದ್ದ, ಸಿಲ್ವರ್ ಓಕ್ ಕೊಂಬೆ ಕಡಿದಿದ್ದ, ಕೈ ಕೂದಲು ಬೋಳಿಸಿದ್ದ. ಎಲ್ಲದರಲ್ಲೂ ಗೆದ್ದಿತ್ತು. ಕಾಡಿಗೆ ಒಯ್ಯುವ ದೊಡ್ಡ ಚಾಕುವಿಗೆ ಆ ಪರೀಕ್ಷೆ ಸರಿ. ಸಾರಿಗೆ ಹೆಚ್ಚುವ ಚಾಕುವಿಗೆ ಪರೀಕ್ಷೆ ಮಣೆ ಮೇಲೆಯೇ ನಡೆಯಬೇಕು, ಅದೂ ದಿನಗಟ್ಟಲೆ.

ಎರಡನೇ ಚಾಕು ಮಾಡುವಾಗ ಅಪ್ಪ, ಮಗ ಇಬ್ಬರೂ ಸೇರಿ ಮಾಡಿದರು, ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಕೆಂಡದ ಬಣ್ಣ ಕಾಣಲಿ ಅಂತ ಬಾಗಿಲು ಅರ್ಧ ಮುಚ್ಚಿದ್ದರು. ಮಗ ಒಂದು ಅಯಸ್ಕಾಂತ ಹಿಡಿದುಕೊಂಡಿದ್ದ, ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅದಕ್ಕೆ ಅಂಟುವುದಿಲ್ಲವಂತೆ. ಅಲ್ಲಿಂದ ಇನ್ನೂ ಸ್ವಲ್ಪ ಕಾಯಿಸಿ ಅದ್ದಬೇಕು. ಆಚಾರ್ರು "ಈಗ" ಅಂದಾಗ ಅಯಸ್ಕಾಂತವೂ ಅಂಟುವುದನ್ನು ಬಿಟ್ಟು ಸ್ವಲ್ಪವೇ ಹೊತ್ತಾಗಿತ್ತು. ಅಪ್ಪನ ಕಣ್ಣಿನ ಮೇಲೆ ಮಗನಿಗೆ ಇದ್ದ ಗೌರವ ಆಗ ಅವನ ಮುಖದಲ್ಲೇ ಕಾಣಿಸಿತು.

ಈಗ ನಮ್ಮ ಅಡುಗೆಮನೆಯಲ್ಲಿರುವುದು ಈ ಎರಡನೆಯದು. ಬೆನ್ನು ಎರಡು ಮಿಲಿಮೀಟರ್, ಅಂಚು ದುಂಡಗೆ ಉಜ್ಜಿದ್ದಾರೆ. ಕ್ಯಾರೆಟ್ ಸದ್ದು ಮಾಡುವುದಿಲ್ಲ. ಗುಂಬಳದ ಹೋಳು ಮೇಲೂ ಕೆಳಗೂ ಒಂದೇ ದಪ್ಪ, ನಾದಿನಿಯ ಕೈಯಲ್ಲೂ. ಶನಿವಾರ, ಭಾನುವಾರ ಎರಡೂ ದಿನದ ಅಡುಗೆ ಮುಗಿದರೂ ಟೊಮೆಟೊ ಮೇಲೆ ಜಾರಲಿಲ್ಲ. ಅತ್ತೆಯವರು ಈಳಿಗೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ತೆಂಗಿನಕಾಯಿ ತುರಿಯುವುದಕ್ಕೆ, ಸೊಪ್ಪು ಸಣ್ಣಗೆ ಹೆಚ್ಚುವುದಕ್ಕೆ ಅವರಿಗೆ ಅದೇ ಸರಿ.

ಒಂದು ದೂರು ಉಳಿದಿದೆ. ಹಿಡಿ ಅಂಡಾಕಾರ ಮಾಡಿದ್ದಾರೆ, ಹಿಡಿತ ಚೆನ್ನಾಗಿದೆ, ಆದರೆ ಮರ ಪೂರ್ತಿ ಒಣಗಿರಲಿಲ್ಲ ಅನಿಸುತ್ತದೆ, ಹಿಡಿಯ ತುದಿಗೆ ಹಾಕಿದ ಬಳೆಯ ಹತ್ತಿರ ಸಣ್ಣ ಸಂದು ಕಾಣುತ್ತಿದೆ. ಅಲ್ಲಿ ನೀರು ಇಳಿದರೆ ಹಿಡಿಯೊಳಗೆ ಹೋಗಿರುವ ಅಲಗಿನ ಬಾಲ ತುಕ್ಕು ಹಿಡಿದು ಹಿಡಿ ಅಲ್ಲಾಡುತ್ತದೆ. ಮೊನ್ನೆ ಎರಡೂ ಚಾಕುವಿನ ಕಾಸು ಕೊಡಲು ಹೋದಾಗ ಇದನ್ನೂ ಹೇಳಿದೆ. ಮೊದಲನೆಯದಕ್ಕೆ ಕಾಸು ಬೇಡ ಅಂದರು ಆಚಾರ್ರು, ನಾನು ಬಿಡಲಿಲ್ಲ, ಅದು ಈಗ ನಮ್ಮಲ್ಲಿ ಎಳನೀರು ಕೆತ್ತುವ ಕೆಲಸಕ್ಕೆ ಚೆನ್ನಾಗಿ ಒದಗುತ್ತಿದೆ. ತೋಟದಲ್ಲಿ ಹೋದ ವರ್ಷ ಕಿತ್ತ ಹಳೇ ಅರೇಬಿಕಾ ಬುಡಗಳು ಸೌದೆ ಕೊಟ್ಟಿಗೆಯಲ್ಲಿ ಒಣಗಿ ಬಿದ್ದಿವೆ, ಕಾಫಿ ಕಟ್ಟಿಗೆ ಗಟ್ಟಿ, ನುಣುಪಾಗಿ ಬರುತ್ತದೆ. ಅದರಲ್ಲಿ ನಾಲ್ಕು ಆರಿಸಿ ಮುಂದಿನ ಸಲ ಜೀಪಿನಲ್ಲಿ ಹಾಕಿಕೊಂಡು ಬರುತ್ತೇನೆ ಅಂದಿದ್ದೇನೆ. ಹುಡುಗ ಅಲ್ಲೇ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದುಕೊಂಡ.