ಎರಡು ರೆಕ್ಕೆ, ಎರಡು ಟೇಲ್, ಒಂದಿಷ್ಟು ಓಎಚ್‌ಪಿ ಶೀಟ್

ಫಾಯಿಲ್ ಅಂದರೆ ಬೋರ್ಡಿನ ಅಡಿ ನೀರೊಳಗೆ ಓಡುವ ರೆಕ್ಕೆ, ವೇಗ ಬಂದಾಗ ಸವಾರನ ಸಮೇತ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಆ ಫಾಯಿಲ್ ಸೆಟ್‌ನ ಖರೀದಿ ಪಟ್ಟಿಯಿಂದ 1200 ಚದರ ಸೆಂ.ಮೀ.ನ ರೆಕ್ಕೆಯನ್ನು ಹೊಡೆದು ಹಾಕಿದ್ದಾಯಿತು. 1700 ಮತ್ತು 850 ಚದರ ಸೆಂ.ಮೀ.ನ ಎರಡೇ ಮುಂದಿನ ರೆಕ್ಕೆ, ಒಂದು ಮಾಸ್ಟ್ (ಬೋರ್ಡಿನಿಂದ ಕೆಳಗಿಳಿಯುವ ಕಂಬ), ಒಂದು ಫ್ಯೂಸ್ಲಾಜ್ (ಕಂಬದ ತುದಿಯಲ್ಲಿ ಮುಂದಿನ ರೆಕ್ಕೆಯನ್ನೂ ಹಿಂದಿನ ಪುಟ್ಟ ರೆಕ್ಕೆಯಾದ ಟೇಲನ್ನೂ ಹಿಡಿಯುವ ದಂಡ). ನಡುವೆ ದೊಡ್ಡ ಕಂದಕ ಇದೆ, ಅದನ್ನು ತುಂಬಲು ಮೂರನೆಯದು ಬೇಕೇ ಬೇಕು ಅನ್ನುವ ಮಾತು ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ಸವಾರ, ಬೋರ್ಡ್, ಫಾಯಿಲ್, ಕೈಯಲ್ಲಿ ಹಿಡಿಯುವ ಹಾಯಿಯಂಥ ವಿಂಗ್ ಎಲ್ಲ ಸೇರಿ 85 ಕೆಜಿ ಅಂತಿಟ್ಟುಕೊಳ್ಳಿ. ಏಳುವಾಗ ಲಿಫ್ಟ್ ಕೋಎಫಿಶಿಯಂಟ್ (ರೆಕ್ಕೆ ಎಷ್ಟು ಬಲವಾಗಿ ಎತ್ತುತ್ತಿದೆ ಅನ್ನುವ ಅಂಕಿ) 0.9ರವರೆಗೆ ಹಿಂಡಬಹುದು, ವೇಗದಲ್ಲಿ 0.2ಕ್ಕಿಂತ ಕೆಳಗಿಳಿದರೆ ರೆಕ್ಕೆ ಒದ್ದಾಡುತ್ತದೆ. ಉಪ್ಪುನೀರಿನ ಸಾಂದ್ರತೆ ಘನ ಮೀಟರಿಗೆ 1025 ಕೆಜಿ. ಈ ಲೆಕ್ಕದಲ್ಲಿ 1700ರ ರೆಕ್ಕೆ ಗಂಟೆಗೆ 12 ಕಿ.ಮೀ.ಗೆ ಎದ್ದು 25ರವರೆಗೆ ಹಾಯಾಗಿ ಓಡುತ್ತದೆ. 850ರದ್ದು 17ರಿಂದ 35. ನಡುವಿನ 1200ರದ್ದು 14ರಿಂದ 30. ಮೊದಲ ಎರಡೇ 17ರಿಂದ 25ರವರೆಗೆ ಒಂದರ ಮೇಲೊಂದು ಬರುತ್ತವೆ. 1200 ಬಂದರೂ ಕೆಳತುದಿ ಕೆಳಗಿಳಿಯುವುದಿಲ್ಲ, ಮೇಲ್ತುದಿ ಮೇಲೇರುವುದಿಲ್ಲ. ಒಂದೇ ರೆಕ್ಕೆ ಕೊಳ್ಳುವವರಿಗೆ 1200ರಷ್ಟು ಒಳ್ಳೆಯ ಆಯ್ಕೆ ಬೇರೆ ಇಲ್ಲ. ಎರಡು ಕೊಂಡವರಿಗೆ ಅದು ಗೋಡೆಗೆ ನೇತುಹಾಕುವ ಸಾಮಾನು.

ನಮ್ಮ ಕರಾವಳಿಗೂ ಇದು ಸರಿಹೊಂದುತ್ತದೆ. ಬೇಸಿಗೆಯ ಮಧ್ಯಾಹ್ನದ ಕಡಲಗಾಳಿ ಮೆಲ್ಲಗಿದ್ದರೆ ಏಳುವುದೇ ಕಷ್ಟ, ಅಲ್ಲಿ 1700. ಗಾಳಿ ಜೋರಾದ ದಿನಕ್ಕೆ, ಅಲೆಯ ಬೆನ್ನು ಹತ್ತುವುದಕ್ಕೆ 850. ಸಸಿಹಿತ್ಲು, ಕೋಡಿಬೆಂಗ್ರೆಯಂಥ ಅಳಿವೆ ಬಾಗಿಲಲ್ಲಿ ಮರಳದಿಣ್ಣೆ ಎಲ್ಲಿ ಎದ್ದಿರುತ್ತದೋ ಹೇಳಲಾಗದು, ಆದ್ದರಿಂದ ತಳಕ್ಕೆ ತಾಗದ ಹಾಗೆ ಮಾಸ್ಟ್ 75 ಸೆಂ.ಮೀ. ಇನ್ನೂ ಉದ್ದದ್ದು ಬೇಕಾದರೆ ಆಮೇಲೆ.

ತಲೆ ಕೆಡಿಸಿದ್ದು ಬೇರೆ. ರೆಕ್ಕೆ ಬದಲಿಸಿದೊಡನೆ ಇಡೀ ಬೋರ್ಡಿನ ತೂಕ ತಪ್ಪುತ್ತದೆ. 1700ಕ್ಕೆ ಹದವಾಗಿ ಕೂರಿಸಿದ ಮಾಸ್ಟ್ ಮತ್ತು ಟೇಲ್‌ಗೆ 850 ಹಾಕಿದರೆ ಎರಡು ದೂರು ಒಟ್ಟಿಗೇ ಬರುತ್ತವೆ: ನಿಧಾನದಲ್ಲಿ ಹಿಂಗಾಲು ಉರಿ, ವೇಗದಲ್ಲಿ ಮುಂಗಾಲಿನ ಮೇಲೆ ಭಾರ. ಹಿಂಗಾಲಿನ ಉರಿಗೆ ಮಾಸ್ಟ್ ಮುಂದೆ ತಳ್ಳಿದರೆ ಮುಂಗಾಲಿನ ಭಾರ ಇನ್ನೂ ಹೆಚ್ಚುತ್ತದೆ. ಹಿಂದೆ ಎಳೆದರೆ ಮೊದಲ ಕಾಟ ಮರಳಿ ಬರುತ್ತದೆ. ಬೋರ್ಡಿನ ಅಡಿಯ ಟ್ರ್ಯಾಕ್‌ನಲ್ಲಿ ಮಾಸ್ಟ್ ಹಿಂದೆ ಮುಂದೆ ಎಷ್ಟು ಜಗ್ಗಿದರೂ ಎರಡೂ ದೂರು ಒಟ್ಟಿಗೆ ತೀರುವುದಿಲ್ಲ.

ಕಾರಣ ಸರಳ. ಮಾಸ್ಟ್ ಜರುಗಿಸಿದರೆ ಆಗುವ ಬದಲಾವಣೆ ಎಲ್ಲ ವೇಗದಲ್ಲೂ ಒಂದೇ: 2 ಸೆಂ.ಮೀ. ಜರುಗಿಸಿದರೆ ಕಾಲೂ 2 ಸೆಂ.ಮೀ. ಜರುಗಬೇಕು, ಅಷ್ಟೇ. ಟೇಲ್‌ನ ಕೋನ ಬದಲಿಸಿದರೆ ಪರಿಣಾಮ ವೇಗದ ವರ್ಗದಂತೆ ಏರುತ್ತದೆ. 200 ಚದರ ಸೆಂ.ಮೀ.ನ ಟೇಲ್, ಮುಂದಿನ ರೆಕ್ಕೆಯಿಂದ 65 ಸೆಂ.ಮೀ. ದೂರ, ಕೋನದಲ್ಲಿ 1 ಡಿಗ್ರಿ ವ್ಯತ್ಯಾಸ: ಗಂಟೆಗೆ 14 ಕಿ.ಮೀ.ನಲ್ಲಿ ಕಾಲು 1 ಸೆಂ.ಮೀ. ಕೂಡ ಕದಲಬೇಕಿಲ್ಲ, 30ರಲ್ಲಿ ಸುಮಾರು 4 ಸೆಂ.ಮೀ. ಕದಲಬೇಕು.

ದೊಡ್ಡ ರೆಕ್ಕೆಗೆ ಮುಂದಿನಿಂದ ಹಿಂದಕ್ಕೆ ಅಗಲವೂ ಜಾಸ್ತಿ, ಬಾಗೂ ಜಾಸ್ತಿ. ವೇಗ ಏರಿದಂತೆ ಆ ರೆಕ್ಕೆಯೇ ಬೋರ್ಡಿನ ಮೂಗನ್ನು ಕೆಳಕ್ಕೆ ಒತ್ತುತ್ತ, ಟೇಲ್ ಹಿಂಬದಿಯನ್ನು ಕೆಳಕ್ಕೊತ್ತಿ ಮೂಗೆತ್ತುವುದನ್ನು ಸರಿದೂಗಿಸುತ್ತದೆ. 850ಕ್ಕೆ ಆ ಒತ್ತು ಮೂರನೇ ಒಂದು ಭಾಗ ಮಾತ್ರ, ಟೇಲ್ ಮಾತ್ರ ಮೊದಲಿನಷ್ಟೇ ಮೂಗೆತ್ತುತ್ತದೆ. ಅದೇ ಮುಂಗಾಲಿನ ಭಾರ. ಹಿಂಗಾಲಿನ ಉರಿಯ ಮೂಲ ಇನ್ನೊಂದು: ಸಣ್ಣ ರೆಕ್ಕೆ ಅದೇ ತೂಕ ಹೊರಲು ಹೆಚ್ಚು ಕೋನದಲ್ಲಿ ಓಡಬೇಕು, ಟೇಲ್ ಕೂಡ ಅದರ ಜೊತೆಗೇ ಮೇಲಕ್ಕೆ ವಾಲಿ ಹಿಂಬದಿಯನ್ನು ಎತ್ತುತ್ತದೆ. ಈ ಭಾಗ ವೇಗದ ಜೊತೆ ಬದಲಾಗುವುದಿಲ್ಲ.

ಹಾಗಾಗಿ ಕ್ರಮ ಇದು: ಮೊದಲು ಶಿಮ್ (ಕೋನ ಬದಲಿಸಲು ಟೇಲ್ ಮತ್ತು ಫ್ಯೂಸ್ಲಾಜ್ ನಡುವೆ ಇಡುವ ತೆಳು ತುಂಡು), ಆಮೇಲೆ ಮಾಸ್ಟ್. ಡೆಕ್ ಮೇಲೆ ಸೆಂ.ಮೀ. ಗುರುತು ಹಾಕಿದ ಟೇಪ್ ಅಂಟಿಸಿ. ಜಿಪಿಎಸ್ ವಾಚ್ ನೋಡಿಕೊಂಡು 18 ಕಿ.ಮೀ.ನಲ್ಲಿ ಒಂದು ಓಟ, 28ರಲ್ಲಿ ಇನ್ನೊಂದು. ಎರಡರಲ್ಲೂ ಕಾಲು ಎಲ್ಲಿಗೆ ಬಂದರೆ ಸಮತೂಕ ಅಂತ ಬರೆದುಕೊಳ್ಳಿ. ಎರಡು ಗುರುತಿನ ಅಂತರ ಶಿಮ್‌ನ ಕೆಲಸ. ಅಂತರ ತಗ್ಗಿದ ಮೇಲೆ ಎರಡೂ ಗುರುತು ಒಟ್ಟಾಗಿ ಹಿಂದೆ ಉಳಿದಿದ್ದರೆ ಅದು ಮಾಸ್ಟ್‌ನ ಕೆಲಸ. ಅಂತರವನ್ನು ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ. ವೇಗಕ್ಕೆ ಸ್ವಲ್ಪವಾದರೂ ಮೂಗೆತ್ತದ ಫಾಯಿಲ್ ಒಮ್ಮೆ ಮೂಗು ಇಳಿಸಿದರೆ ತಾನಾಗಿ ಮೇಲೆ ಬರುವುದಿಲ್ಲ, ನೀರಿಗೆ ಗುದ್ದುತ್ತದೆ.

ಶಿಮ್‌ನಲ್ಲಿ ಎಲ್ಲರೂ ಎಡವುವುದು ದಿಕ್ಕಿನಲ್ಲಿ. ಟೇಲ್ ಫ್ಯೂಸ್ಲಾಜ್‌ನ ಮೇಲೆ ಕೂತಿದ್ದರೆ, ಮುಂದಿನ ಬೋಲ್ಟ್‌ನ ಬಳಿ ಶಿಮ್ ಇಟ್ಟಾಗ ಟೇಲ್‌ನ ಮೂಗು ಏಳುತ್ತದೆ, ಕೆಳಕ್ಕೆ ಒತ್ತುವುದು ಕಡಿಮೆಯಾಗುತ್ತದೆ, ಮುಂಗಾಲು ಹಗುರಾಗುತ್ತದೆ. ಟೇಲ್ ಅಡಿಯಲ್ಲಿ ನೇತಾಡುತ್ತಿದ್ದರೆ ಎಲ್ಲವೂ ತಿರುವುಮುರುವು, ಶಿಮ್ ಹಿಂದಿನ ಬೋಲ್ಟ್‌ನ ಬಳಿ ಹೋಗಬೇಕು. ಕೊಂಡು ತಂದ ಶಿಮ್ ಮೇಲೆ ಬರೀ ಪ್ಲಸ್, ಮೈನಸ್ ಅಂತ ಅಚ್ಚೊತ್ತಿರುತ್ತಾರೆ. ಪ್ಲಸ್ ಯಾರ ಕಡೆಯಿಂದ ಅಂತ ಕೇಳಿದರೆ ಮಾರುವವರು ಉತ್ತರವಾಗಿ ಅದೇ ಶಿಮ್‌ನ ಫೋಟೊ ಕಳಿಸುತ್ತಾರೆ, ಇನ್ನೂ ದೊಡ್ಡದಾಗಿ.

ಕೊಳ್ಳುವುದೂ ಬೇಡ. ಝೆರಾಕ್ಸ್ ಅಂಗಡಿಯ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) 100 ಮೈಕ್ರಾನ್, ಅಂದರೆ 0.1 ಮಿ.ಮೀ. ಟೇಲ್‌ನ ಎರಡು ಬೋಲ್ಟ್‌ಗಳ ನಡುವೆ 30 ಮಿ.ಮೀ. ಇದ್ದರೆ ಅರ್ಧ ಡಿಗ್ರಿಗೆ ಬೇಕಾದದ್ದು 0.26 ಮಿ.ಮೀ. ಮೂರು ಪದರ ಹಾಕಿದರೆ 0.57 ಡಿಗ್ರಿ, ಸಾಕು. ಬೋಲ್ಟ್ ತೂತಿನ ಸುತ್ತ ಪಟ್ಟಿಯಾಗಿ ಕತ್ತರಿಸಿ, ಅಂಚನ್ನು ಹೊರಗೆ ಬಿಡಬೇಡಿ, ಬಿಟ್ಟರೆ ವೇಗದಲ್ಲಿ ಪಟಪಟ ಅನ್ನುತ್ತದೆ. ಪಾನೀಯದ ಡಬ್ಬಿಯ ತಗಡು ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಕಾರ್ಬನ್ ಟೇಲ್‌ಗೆ ಅದನ್ನು ಮುಟ್ಟಿಸಬೇಡಿ: ಉಪ್ಪುನೀರಲ್ಲಿ ಕಾರ್ಬನ್ ಪಕ್ಕ ಕೂತ ಅಲ್ಯುಮಿನಿಯಂ ಬೇಗ ಬಿಳಿ ಪುಡಿಯಾಗುತ್ತದೆ. ಒಂದು ಡಿಗ್ರಿ ದಾಟಿದರೆ ಪದರ ಪೇರಿಸುವುದು ಬೇಡ. ಕೌಂಟರ್‌ಸಂಕ್ (ತಲೆ ಮಟ್ಟಸವಾಗಿ ಒಳಗೆ ಕೂರುವ) ಬೋಲ್ಟ್‌ನ ತಲೆ ಒಂದೇ ಮಗ್ಗುಲಿಗೆ ಕೂತು ಟೇಲ್‌ನ ಲ್ಯಾಮಿನೇಟ್ ಪದರ ಸೀಳುತ್ತದೆ. ಅಲ್ಲಿಂದಾಚೆ ಓರೆಯಾಗಿ ಉಜ್ಜಿದ ಪ್ಲಾಸ್ಟಿಕ್ ತುಂಡೇ ಬೇಕು.

ಸಣ್ಣ ಟೇಲ್ ಕೊಂಡದ್ದಕ್ಕೂ ಇದೇ ಕಾರಣ. ಮೈನಸ್ 2 ಡಿಗ್ರಿಯಲ್ಲಿ (ಮೂಗು ಕೆಳಗಾಗಿ) ಕೂತ 200ರ ಬದಲು 150ರದ್ದು ಹಾಕಿದರೆ, ಶಿಮ್ ಇಲ್ಲದೆಯೇ ಅರ್ಧ ಡಿಗ್ರಿಯಷ್ಟು ಕೆಲಸ ಆಗಿರುತ್ತದೆ, ಎಳೆತವೂ ಕಮ್ಮಿ. ಸದ್ಯಕ್ಕೆ ನಿಂತಿರುವ ಜೋಡಣೆ: 1700ಕ್ಕೆ 200ರ ಟೇಲ್, ಶಿಮ್ ಇಲ್ಲ. 850ಕ್ಕೆ 150ರ ಟೇಲ್, ಮೂರು ಪದರ ಶೀಟ್, ಮಾಸ್ಟ್ 2 ಸೆಂ.ಮೀ. ಮುಂದೆ. ಟ್ರ್ಯಾಕ್ ಪಕ್ಕ ಎರಡು ಬಣ್ಣದ ಪೇಂಟ್ ಗುರುತು.

ಬೋಲ್ಟ್ ಪುರಾಣ ಹೇಳದಿದ್ದರೆ ಆಗದು. ಟೇಲ್ ಬಂತು, ಬೋಲ್ಟ್ ಬರಲಿಲ್ಲ. ಮಾರಿದವರನ್ನು ಕೇಳಿದರೆ "ನೆಕ್ಸ್ಟ್ ಶಿಪ್‌ಮೆಂಟ್ ಸಾರ್." ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ6 ಕೌಂಟರ್‌ಸಂಕ್ ಕೇಳಿದರೆ "ಎಸ್‌ಎಸ್ ಅಂದ್ರೆ ಎಸ್‌ಎಸ್ಸೇ ಸಾರ್, ಅದ್ರಲ್ಲೇನು ನಂಬರು" ಅಂತ 202 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ಕೈಗಿಡುತ್ತಾರೆ. ಕಡಲಿಗೆ ಬೇಕಾದದ್ದು 316. ಮ್ಯಾಗ್ನೆಟ್ ಹಿಡಿದು ನೋಡಿ ಪ್ರಯೋಜನವಿಲ್ಲ, 202ಕ್ಕೂ ಅದು ಗಟ್ಟಿಯಾಗಿ ಅಂಟುವುದಿಲ್ಲ. ತಲೆಯ ಮೇಲೆ ಎ4 ಅಂತ ಕೆತ್ತಿದ್ದರೆ 316ರ ಬಳಗ, ಎ2 ಇದ್ದರೆ 304ರದ್ದು. ಏನೂ ಇಲ್ಲದಿದ್ದರೆ ಗೇಟಿಗೆ ಹಾಕಿಕೊಳ್ಳಿ. ಅಲ್ಯುಮಿನಿಯಂ ಫ್ಯೂಸ್ಲಾಜ್‌ನಲ್ಲಿ ಎಂ6 ಕನಿಷ್ಠ 9 ಮಿ.ಮೀ. ಎಳೆ ಹಿಡಿದಿರಬೇಕು. ಎಳೆಗೆ ಟೆಫ್‌ಜೆಲ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಜಿಡ್ಡು) ಸವರಿ, ಪ್ರತಿ ಸಲ ಸವಾರಿ ಮುಗಿದ ಮೇಲೆ ಬಿಚ್ಚಿಡಿ. ಜೋಡಿಸಿಯೇ ಇಟ್ಟು ಮೇಲಿಂದ ನೀರು ಸುರಿದರೆ ಎಳೆಯೊಳಗಿನ ಉಪ್ಪು ಅಲ್ಲೇ ಉಳಿಯುತ್ತದೆ, ಮುಂದಿನ ಸಲ ನಕ್ಷತ್ರದ ಮೊನೆಯ ಟಾರ್ಕ್ಸ್ ಬಿಟ್ ತಿರುಗುತ್ತದೆ, ಬೋಲ್ಟ್ ಮಾತ್ರ ತಿರುಗುವುದಿಲ್ಲ.

ಈ ಕಾಟದಿಂದಲೇ ಮುಂದಿನ ಕೆಲಸ ಹುಟ್ಟಿತು: ಟೇಲ್ ಮನೆಯಲ್ಲೇ ಮಾಡುವುದು. 6 ಮಿ.ಮೀ.ನ ಜಿ10 ಗ್ಲಾಸ್ ಎಪಾಕ್ಸಿ ಶೀಟ್, ಎಲೆಕ್ಟ್ರಿಕಲ್ ಇನ್ಸುಲೇಷನ್ ಸಾಮಾನು ಮಾರುವಲ್ಲಿ ಕೇಳಿದರೆ ಸಿಗುತ್ತದೆ. 36 ಸೆಂ.ಮೀ. ಉದ್ದ, ಸರಾಸರಿ 4.2 ಸೆಂ.ಮೀ. ಅಗಲ, ಅಲ್ಲಿಗೆ 150 ಚದರ ಸೆಂ.ಮೀ. ಅಡಿಭಾಗ ಚಪ್ಪಟೆಯಾಗಿಯೇ ಇರಬಹುದೇ, ಎರಡೂ ಕಡೆ ಉಜ್ಜಬೇಕೇ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಒದ್ದೆ ಮಾಡಿಕೊಂಡೇ ಉಜ್ಜಬೇಕು, ಮಾಸ್ಕ್ ಕಡ್ಡಾಯ. ಗಾಜಿನ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು, ಒಣಹಾಕಿದ ಬಟ್ಟೆಗೂ ಕೆಟ್ಟದ್ದು. ಹಿಂದಂಚು 1 ಮಿ.ಮೀ.ಗೆ ಇಳಿಸಿ ಚೌಕವಾಗಿ ಬಿಟ್ಟರೆ ವೇಗದಲ್ಲಿ ಗುಂಯ್ ಅನ್ನುತ್ತದೆ. ಒಂದೇ ಮಗ್ಗುಲಿಗೆ 45 ಡಿಗ್ರಿ ಓರೆಯಾಗಿ 400ರ ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಮಾನ್ಯವಾಗಿ ಸದ್ದು ನಿಲ್ಲುತ್ತದೆ. ಕೊಂಡು ತಂದ 150ರ ಟೇಲ್ ಕೂಡ ಈಗ 26 ಕಿ.ಮೀ. ದಾಟಿದೊಡನೆ ಹಾಡುತ್ತಿದೆ, ಉಜ್ಜುವ ಕೆಲಸ ಅದರಿಂದಲೇ ಶುರು.