ಕ್ಯಾಸೆಟ್ಟಿನಲ್ಲಿ ಹಿಡಿಯದೆ ಉಳಿದ ಲಾ ಬಾಂಬಾ

ನಾನು 1991ರಲ್ಲಿ ಬೆಳಗಾವಿಯಲ್ಲಿ ಓದುತ್ತಿದ್ದಾಗ, ಖಡೇಬಜಾರದ ಒಂದು ಅಂಗಡಿಯಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನಗಳಲ್ಲಿ ಅವನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟಿಗೆ ಒಂದೊಂದು ಮಗ್ಗುಲಿಗೆ 30 ನಿಮಿಷ. ಅಂಗಡಿಯವರು ಆ ಲೆಕ್ಕದ ಗೋಜಿಗೆ ಹೋಗದೆ ಒಂದರ ಹಿಂದೊಂದು ಹಾಡು ಹಚ್ಚುತ್ತ ಹೋಗಿದ್ದರಿಂದ, ಮೊದಲ ಮಗ್ಗುಲಿನ ಕಡೆಯ ಹಾಡಾದ ‘ಲಾ ಬಾಂಬಾ’ ಮುಗಿಯುವ ಮುನ್ನವೇ ಗುಂಡಿ ಟಕ್ಕೆಂದು ಮೇಲೆದ್ದು ಟೇಪು ನಿಲ್ಲುತ್ತಿತ್ತು. ಹಾಡು ಅಷ್ಟೇ ಇರಬೇಕೆಂದು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದೆ.

ಆ ಕ್ಯಾಸೆಟ್ಟಿನಲ್ಲಿದ್ದದ್ದು ಲಾಸ್ ಏಂಜಲೀಸ್‌ನ ‘ಲೋಸ್ ಲೋಬೋಸ್’ ತಂಡದವರು 1987ರಲ್ಲಿ ಹಾಡಿದ ಕವರ್ ಆವೃತ್ತಿ, ಅಂದರೆ ಬೇರೊಬ್ಬರ ಹಾಡನ್ನು ಮತ್ತೆ ಹಾಡಿದ್ದು. ಆ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ತೋಳಗಳು ಎಂದರ್ಥ. ಅದೇ ವರ್ಷ ತೆರೆಕಂಡ ಅದೇ ಹೆಸರಿನ ಚಲನಚಿತ್ರಕ್ಕಾಗಿ ಅವರು ಅದನ್ನು ಹಾಡಿದ್ದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಚಿತ್ರವು ಈ ಹಾಡನ್ನು ಅವರಿಗಿಂತ ಮೊದಲು ಹಾಡಿದ್ದ ರಿಚೀ ವ್ಯಾಲೆನ್ಸ್ ಎಂಬ ಹುಡುಗನ ಜೀವನಕಥೆ. ರಿಚರ್ಡ್ ವ್ಯಾಲೆನ್ಸುವೆಲಾ ಎಂಬುದು ಅವನ ಹುಟ್ಟುಹೆಸರು. 1941ರಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ಪಕೋಯಿಮಾ ಎಂಬ ಭಾಗದಲ್ಲಿ ಮೆಕ್ಸಿಕನ್ ಮೂಲದ ಕುಟುಂಬದಲ್ಲಿ ಬೆಳೆದವನು. ಮನೆತನದ ಭಾಷೆ ಸ್ಪ್ಯಾನಿಷ್ ಆದರೂ ಅವನ ನಾಲಗೆಗೆ ಹತ್ತಿದ್ದು ಇಂಗ್ಲಿಷ್. ‘ಲಾ ಬಾಂಬಾ’ದ ಸಾಲುಗಳನ್ನು ಅವನು ಉಚ್ಚಾರಣೆ ಹಿಡಿದು ಬಾಯಿಪಾಠ ಮಾಡಿಯೇ ಹಾಡಬೇಕಾಯಿತು. ಕನ್ನಡದ ಮನೆಯಲ್ಲಿ ಬೆಳೆದು ಏಕಾದಶಿಯ ಭಜನೆಯಲ್ಲಿ ಮರಾಠಿ ಅಭಂಗ ಹಾಡುವ ನಮ್ಮ ಕಡೆಯವರಿಗೆ ಇದು ತೀರ ಅಪರಿಚಿತ ಸಂಗತಿಯಲ್ಲ.

1958ರಲ್ಲಿ ವ್ಯಾಲೆನ್ಸ್ ಅದನ್ನು ಹಾಡಿದಾಗ ಧ್ವನಿಮುದ್ರಿಕೆಯ ಮುಖ್ಯ ಮಗ್ಗುಲಲ್ಲಿ ಇದ್ದದ್ದು ‘ಡಾನಾ’ ಎಂಬ ಇಂಗ್ಲಿಷ್ ಪ್ರೇಮಗೀತೆ. ‘ಲಾ ಬಾಂಬಾ’ ಹಿಂದಿನ ಮಗ್ಗುಲಿಗೆ ಸೇರಿತ್ತು. ‘ಡಾನಾ’ ಎರಡನೆಯ ಸ್ಥಾನಕ್ಕೇರಿದರೆ ಇದು 22ಕ್ಕೆ ನಿಂತಿತು. ಕೆಲವೇ ತಿಂಗಳುಗಳಲ್ಲಿ, 1959ರ ಫೆಬ್ರವರಿ 3ರಂದು, ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಬಳಿ ಸಣ್ಣ ವಿಮಾನವೊಂದು ನೆಲಕ್ಕಪ್ಪಳಿಸಿ, ಗಾಯಕರಾದ ಬಡಿ ಹಾಲಿ ಮತ್ತು ಜೆ. ಪಿ. ರಿಚರ್ಡ್‌ಸನ್ ಅವರೊಂದಿಗೆ ಅವನೂ ತೀರಿಕೊಂಡ. ಆಗ ಅವನಿಗೆ 17 ವರ್ಷ.

ವ್ಯಾಲೆನ್ಸನನ್ನೇ ಮೂಲ ಗಾಯಕನೆಂದು ಕರೆಯುವ ರೂಢಿ ಬಿದ್ದಿದೆ, ಆದರೆ ಅವನದ್ದೂ ಒಂದು ಅರ್ಥದಲ್ಲಿ ಕವರ್ ಆವೃತ್ತಿಯೇ. ಮೆಕ್ಸಿಕೋದ ಪೂರ್ವ ಕರಾವಳಿಯ ವೆರಾಕ್ರೂಜ್ ಸೀಮೆಯಲ್ಲಿ ‘ಸೊನ್ ಹರೋಚೊ’ ಎಂಬ ಜನಪದ ಸಂಗೀತವಿದೆ; ‘ಲಾ ಬಾಂಬಾ’ ಅದರೊಳಗಿನ ಹಾಡು, ಕಟ್ಟಿದವರ ಹೆಸರಿಲ್ಲದ್ದು. ಅಲ್ಲಿನ ಮದುವೆಗಳಲ್ಲಿ ಈ ಹಾಡಿಗೆ ಕುಣಿಯುವ ಜೋಡಿ ನೆಲದ ಮೇಲಿನ ಉದ್ದನೆಯ ಪಟ್ಟಿಯೊಂದನ್ನು ಕೈ ತಾಗಿಸದೆ, ಕುಣಿತ ನಿಲ್ಲಿಸದೆ, ಬರಿಯ ಕಾಲುಗಳಿಂದ ಗಂಟು ಹಾಕುವ ಪದ್ಧತಿಯಿದೆ. ಈ ಕುಣಿತಕ್ಕೆ ಒಂದಿಷ್ಟು ಲಾಲಿತ್ಯ ಬೇಕು ಎಂದು ಹಾಡು ಶುರುವಾಗುವುದು ಏಕೆಂದು ಇದನ್ನು ತಿಳಿದ ಮೇಲೆಯೇ ನನಗೆ ಹೊಳೆದದ್ದು. ತಾನು ಬರಿಯ ನಾವಿಕನಲ್ಲ, ಹಡಗಿನ ಕಪ್ತಾನ ಎಂಬ ಜಂಬದ ಮಾತೂ ಬಂದರು ಊರಿನವರ ಬಾಯಲ್ಲಿ ಸಹಜವೇ. ನಮ್ಮ ಗೀಗೀ ಮೇಳದ ಹರದೇಶಿ-ನಾಗೇಶಿಯಲ್ಲಿ ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕಟ್ಟುವಂತೆ, ಅಲ್ಲಿಯೂ ರಾತ್ರಿಯಿಡೀ ನಡೆಯುವ ‘ಫಂದಾಂಗೊ’ ಕೂಟಗಳಲ್ಲಿ ನಿಂತ ಜಾಗದಲ್ಲಿಯೇ ಹೊಸ ನುಡಿಗಳು ಹುಟ್ಟುತ್ತವೆ. ಹಾಗಾಗಿ ಈ ಹಾಡಿಗೆ ಇಷ್ಟೇ ನುಡಿಗಳು ಎಂಬ ಲೆಕ್ಕವಿಲ್ಲ.

ಎರಡು ಧ್ವನಿಮುದ್ರಣಗಳಲ್ಲಿ ಯಾವುದು ಮೇಲು ಎಂದರೆ, ಹಾಡಿನ ಬಹುಭಾಗದ ಮಟ್ಟಿಗೆ ನನ್ನ ಓಟು ವ್ಯಾಲೆನ್ಸನಿಗೆ. ಎರಡೇ ನಿಮಿಷ ಚಿಲ್ಲರೆಯಲ್ಲಿ, ಮೂರೇ ಸ್ವರಮೇಳಗಳ ಮೇಲೆ, ಗಿಟಾರಿನ ಆ ಒರಟು ಎತ್ತುಗಡೆ ಹುಡುಗನೊಬ್ಬ ಓಣಿಯಲ್ಲಿ ಹೊಸ ಸೈಕಲ್ಲು ಓಡಿಸಿದಂತಿದೆ. ಲೋಸ್ ಲೋಬೋಸ್ ಅವರದ್ದು ಹದವಾಗಿದೆ, ಸ್ವಚ್ಛವಾಗಿದೆ, ನನ್ನ ಕಿವಿಗೆ ತುಸು ಹೆಚ್ಚೇ ಸ್ವಚ್ಛವಾಗಿದೆ. 2014ರಲ್ಲಿ ಮೊದಲ ಸಲ ಫೋನಿನಲ್ಲಿ ಇಡೀ ಹಾಡು ಕೇಳುವವರೆಗೆ ನನ್ನ ತೀರ್ಪು ಇಲ್ಲಿಗೇ ನಿಂತಿತ್ತು.

ಅಂದು ಟಕ್ಕೆನ್ನಬೇಕಿದ್ದ ಜಾಗ ದಾಟಿದ ಮೇಲೆ ಡ್ರಮ್ಮು ಸುಮ್ಮನಾಯಿತು, ವಿದ್ಯುತ್ ಗಿಟಾರು ಹಿಂದೆ ಸರಿಯಿತು, ಸೊನ್ ಹರೋಚೊ ಧಾಟಿಯಲ್ಲಿ ಬರಿಯ ತಂತಿವಾದ್ಯಗಳ ಮೀಟು ಉಳಿಯಿತು. ವೆರಾಕ್ರೂಜ್‌ನ ‘ಹರಾನಾ’ ನೋಡಲು ಪುಟ್ಟ ಗಿಟಾರಿನಂತಿರುತ್ತದೆ. ಮರದ ಒಂದೇ ತುಂಡನ್ನು ಕೊರೆದು ಅದರ ಒಡಲನ್ನೂ ಕತ್ತನ್ನೂ ಮಾಡುತ್ತಾರೆ, ಸಾಮಾನ್ಯವಾಗಿ ಎಂಟು ತಂತಿಗಳನ್ನು ಐದು ಸಾಲಾಗಿ ಬಿಗಿಯುತ್ತಾರೆ. ಅದರ ಜೊತೆಗಾರ ‘ರೆಕಿಂತೊ’ವನ್ನು ಕೊಂಬಿನಿಂದ ಮಾಡಿದ ಉದ್ದನೆಯ ಕಡ್ಡಿಯಿಂದ ಮೀಟುವುದುಂಟು. 1958ರಲ್ಲಿ ವ್ಯಾಲೆನ್ಸ್ ಊರಿನಿಂದ ಎತ್ತಿ ತಂದ ಹಾಡನ್ನು ಲೋಸ್ ಲೋಬೋಸ್‌ನವರು ಅವನ ರೀತಿಯಲ್ಲಿಯೇ ಹಾಡಿ, ಕೊನೆಗೆ ಅದರ ಕೈ ಹಿಡಿದು ಊರಿಗೆ ಬಿಟ್ಟು ಬಂದಿದ್ದರು. ಕ್ಯಾಸೆಟ್ಟು ನನಗೆ ಆ ಊರಿನ ಅಗಸಿಯವರೆಗೂ ಹೋಗಗೊಟ್ಟಿರಲಿಲ್ಲ.

ಇದು ಸ್ಟುಡಿಯೋದಲ್ಲಿ ಹೊಳೆದ ಅಲಂಕಾರವಲ್ಲ. 1973ರಲ್ಲಿ ಒಟ್ಟುಗೂಡಿದ ಆ ತಂಡದವರು ಮೊದಲ ವರ್ಷಗಳಲ್ಲಿ ಮದುವೆಮನೆ, ಖಾನಾವಳಿಗಳಲ್ಲಿ ಮೆಕ್ಸಿಕೋದ ಜನಪದ ಹಾಡುಗಳನ್ನೇ ನುಡಿಸುತ್ತಿದ್ದರು; ರಾಕ್ ಸಂಗೀತಕ್ಕೆ ಹೊರಳಿದ್ದು ಆಮೇಲೆ. ‘ಲಾ ಬಾಂಬಾ’ ಜಗತ್ತೆಲ್ಲ ಹಬ್ಬಿದ ಮರುವರ್ಷ, ಅಂಥದ್ದೇ ಇನ್ನೊಂದನ್ನು ಮಾಡಿ ಹಣ ಬಾಚುವ ಅವಕಾಶ ಕಣ್ಣೆದುರಿಗಿದ್ದಾಗ, ಅವರು ಹೊರತಂದದ್ದು ಜನಪದ ಮಟ್ಟುಗಳ, ಪೂರ್ತಿ ಸ್ಪ್ಯಾನಿಷ್ ಹಾಡುಗಳ ಒಂದು ಸಂಗ್ರಹ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಹೋದ ವರ್ಷ ರಬಕವಿ-ಬನಹಟ್ಟಿಯಲ್ಲಿರುವ ನನ್ನ ಸೋದರಮಾವನ ಮನೆಗೆ ಹೋಗಿದ್ದೆ. ಅವರು ಆಯುಷ್ಯವಿಡೀ ಮಗ್ಗದ ಕೆಲಸ ಮಾಡಿದವರು, ಹರೆಯದಲ್ಲಿ ಗೀಗೀ ಮೇಳದಲ್ಲಿ ತುಂತುಣಿ ಹಿಡಿದು ನಿಂತವರು. ಎರಡೂ ಧ್ವನಿಮುದ್ರಣಗಳನ್ನು ಅವರಿಗೆ ಫೋನಿನಲ್ಲಿ ಕೇಳಿಸಿದೆ. ವ್ಯಾಲೆನ್ಸನ ಹಾಡಿಗೆ ಅವರು ಏನೂ ಹೇಳಲಿಲ್ಲ. ಲೋಸ್ ಲೋಬೋಸ್ ಹಾಡಿನ ಬಾಲದಲ್ಲಿ ತಂತಿಗಳ ಮೀಟು ಬಂದಾಗ ಹೊರಸಿನ ಅಂಚಿನ ಮೇಲೆ ಬೆರಳು ಆಡಿಸತೊಡಗಿ, ಮುಗಿದೊಡನೆ, “ಸವಾಲ ಹಾಕಿ ಎದ್ದ ಹೋದ್ರಲ್ಲೊ, ಜವಾಬ ಎಲ್ಲೈತಿ?” ಎಂದು ಕೇಳಿದರು. ನಾನು ವೆರಾಕ್ರೂಜ್‌ನ ಫಂದಾಂಗೊ ಕೂಟವೊಂದರ ಧ್ವನಿಮುದ್ರಣ ಹುಡುಕಿ ಹಚ್ಚಿದೆ. ಆ ಕೂಟದಲ್ಲಿ ಒಬ್ಬರ ನುಡಿಗೆ ಇನ್ನೊಬ್ಬರ ನುಡಿ ಬರುತ್ತಿದ್ದರೆ, ಜೊತೆಗೆ ಮರದ ಹಲಗೆಯ ಮೇಲೆ ಕುಣಿಯುವವರ ಹಿಮ್ಮಡಿಗಳ ಸದ್ದು ಬಿಡುವಿಲ್ಲದೆ ಕೇಳುತ್ತಿರುತ್ತದೆ. ಮಾವ ಕಿವಿಯನ್ನು ಫೋನಿಗೆ ಹತ್ತಿರ ತಂದು ಒಂದು ಗಳಿಗೆ ಆಲಿಸಿ, ಪಕ್ಕದ ಮನೆಯ ಪವರ್‌ಲೂಮಿನ ಕಡೆಗೊಮ್ಮೆ ನೋಡಿ, “ಇವ್ರೇನ ಹಾಡ್ತಾ ಹಾಡ್ತಾ ಮಗ್ಗಾನೂ ಹೂಡ್ಯಾರೇನು?” ಎಂದರು.